ನಾಲ್ಕು ವರ್ಷದ ನೆಕ್ಸಾನ್ ಇವಿಯ ನೇರ ಮಾರಾಟ: ಜಾಹೀರಾತಿನಿಂದ ಆರ್‌ಸಿ ವರ್ಗಾವಣೆಯವರೆಗೆ

ಬೆಂಗಳೂರಿನಲ್ಲಿ ಬಳಸಿದ ಪೆಟ್ರೋಲ್ ಕಾರನ್ನು ಮಾರುವುದು ಈಗ ಕಷ್ಟದ ಕೆಲಸವಲ್ಲ. ಮಾಡೆಲ್, ವರ್ಷ, ಓಡಿರುವ ಕಿಲೋಮೀಟರ್ ಇಷ್ಟನ್ನು ಹೇಳಿದರೆ ಅನುಭವಿ ಬ್ರೋಕರ್ ನಿಂತ ನಿಲುವಿನಲ್ಲೇ ಬೆಲೆ ಹೇಳುತ್ತಾರೆ. ಅದು ಹತ್ತಿಪ್ಪತ್ತು ಸಾವಿರ ಆಚೀಚೆ ಸರಿಯಾಗಿಯೂ ಇರುತ್ತದೆ. ಎಲೆಕ್ಟ್ರಿಕ್ ಕಾರಿಗೆ ಅಂಥ ಲೆಕ್ಕ ಇನ್ನೂ ಕುದುರಿಲ್ಲ. 2021ರಲ್ಲಿ ಕೊಂಡಿದ್ದ ಟಾಟಾ ನೆಕ್ಸಾನ್ ಇವಿಯನ್ನು, ಅಂದರೆ 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಹಳೆಯ ಮಾದರಿಯನ್ನು, 2025ರ ಕೊನೆಯಲ್ಲಿ ನಾನು ಮಧ್ಯವರ್ತಿಗಳಿಲ್ಲದೆ ಇನ್ನೊಂದು ಕುಟುಂಬಕ್ಕೆ ನೇರವಾಗಿ ಮಾರಿದೆ. ಆ ದಾರಿಯಲ್ಲಿ ಎದುರಾದ ಸೇವೆಗಳು ಹಲವು: ಹಳೆಯ ಕಾರುಗಳನ್ನು ಕೊಳ್ಳುವ ಕಂಪನಿ, ಉಚಿತ ಜಾಹೀರಾತಿನ ತಾಣ, ಸರ್ವಿಸ್ ಸೆಂಟರ್‌ನ ಬ್ಯಾಟರಿ ತಪಾಸಣೆ, ಸಾರಿಗೆ ಇಲಾಖೆಯ ವಾಹನ್ ಪೋರ್ಟಲ್. ಇವನ್ನು ಒಂದೊಂದಾಗಿ ತೂಗಿ ನೋಡುವುದು ಈ ವಿಮರ್ಶೆಯ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಬ್ಯಾಟರಿಯ ಆರೋಗ್ಯವನ್ನು ಕಾಗದದ ಮೇಲೆ ತೋರಿಸಬಲ್ಲವರಿಗೆ ನೇರ ಮಾರಾಟದಿಂದ ನಿಜವಾದ ಲಾಭವಿದೆ, ತೋರಿಸಲಾಗದಿದ್ದರೆ ಕಂಪನಿಗಳು ಹೇಳಿದ ಬೆಲೆಗೆ ಕೊಟ್ಟುಬಿಡುವುದೇ ಮೇಲು.

ಬೆಲೆಯ ಹಿನ್ನೆಲೆಯನ್ನು ತಿಳಿಯದೆ ಮಾರಾಟಕ್ಕೆ ಇಳಿದರೆ ಮನಸ್ಸಿಗೆ ಪೆಟ್ಟಾಗುತ್ತದೆ. ನೆಕ್ಸಾನ್ ಇವಿ 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಎಕ್ಸ್‌ಜೆಡ್ ಪ್ಲಸ್ ಮಾದರಿಯ ಎಕ್ಸ್ ಶೋರೂಂ ಬೆಲೆ 14.99 ಲಕ್ಷ ರೂಪಾಯಿ ಇತ್ತು. ಮುಂದೆ ಬ್ಯಾಟರಿ ಸೆಲ್‌ಗಳ ಬೆಲೆ ಇಳಿದಾಗ, 2024ರ ಫೆಬ್ರುವರಿಯಲ್ಲಿ ಕಂಪನಿಯು ಇದೇ ಹೆಸರಿನ ಹೊಸ ಕಾರಿನ ಬೆಲೆಯನ್ನು 1.2 ಲಕ್ಷದವರೆಗೆ ತಗ್ಗಿಸಿತು. ಅದೇ ವರ್ಷದ ಹಬ್ಬದ ಕಾಲಕ್ಕೆ ಆರಂಭಿಕ ಬೆಲೆ 12.49 ಲಕ್ಷಕ್ಕೆ ಬಂದಿತ್ತು. ಇಂದಿನ ಹೊಸ ಕಾರು ನಾನು ಅಂದು ಕೊಟ್ಟದ್ದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿರುವಾಗ, ಹಳೆಯದರ ಬೆಲೆ ಹೊಸದರ ನೆರಳಿನಲ್ಲಿಯೇ ನಿಲ್ಲಬೇಕಾಗುತ್ತದೆ. ಇದರ ಜೊತೆಗೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ಕಾರಿನ ತೆರಿಗೆ ಮೊದಲಿನಂತೆ ಶೇ. 5ರಲ್ಲಿಯೇ ಉಳಿದರೂ ಎರಡರ ನಡುವಿನ ಅಂತರ ಕಿರಿದಾಯಿತು. ಕಾರು ನೋಡಲು ಬಂದವರಲ್ಲಿ ಹಲವರು ಚೌಕಾಸಿಗೆ ಮೊದಲು ಎತ್ತಿದ್ದು ಇದೇ ಮಾತನ್ನು. ಅವರ ವಾದದಲ್ಲಿ ತಪ್ಪಿರಲಿಲ್ಲ. ಆದ್ದರಿಂದ ಕೊಂಡ ಬೆಲೆಯಿಂದ ಕಳೆಯುತ್ತ ಬರುವ ಹಳೆಯ ಪದ್ಧತಿಯನ್ನು ಬಿಟ್ಟು, ಇಂದಿನ ಹೊಸ ಕಾರಿನ ಆನ್ ರೋಡ್ ಬೆಲೆಯಿಂದ ಕೆಳಗೆ ಬರುವ ರೀತಿಯಲ್ಲಿ ನನ್ನ ಬೆಲೆಯನ್ನು ಕಟ್ಟಿದೆ.

ಮೊದಲು ಕರೆಸಿದ್ದು ಮನೆಬಾಗಿಲಿಗೆ ಬಂದು ಕಾರು ಕೊಳ್ಳುವ ಒಂದು ಕಂಪನಿಯನ್ನು. ಅದರ ಹೆಸರು ಇಲ್ಲಿ ಬೇಡ. ಬಂದ ತಪಾಸಕರು ಶ್ರದ್ಧೆಯಿಂದಲೇ ಕೆಲಸ ಮಾಡಿದರು. ಬಣ್ಣದ ದಪ್ಪ ಅಳೆಯುವ ಉಪಕರಣವನ್ನು ಪ್ರತಿ ಬಾಗಿಲಿಗೂ, ಬಾನೆಟ್ಟಿಗೂ ಇಟ್ಟು ನೋಡಿದರು. ಟೈರಿನ ತೋಡುಗಳ ಆಳ ಅಳೆದರು. ಎಸಿ, ಪವರ್ ವಿಂಡೋ, ವೈಪರ್ ಎಲ್ಲವನ್ನೂ ಹಾಕಿ ಆರಿಸಿ ಪರೀಕ್ಷಿಸಿದರು. ಹಿಂಬದಿಯ ಬಂಪರಿನ ಗೀರಿನ ಚಿತ್ರವನ್ನು ಹಲವು ಕೋನಗಳಿಂದ ತೆಗೆದರು. ಆದರೆ ಕಾರಿನ ಮೌಲ್ಯದ ದೊಡ್ಡ ಪಾಲು ಅಡಗಿರುವ ಬ್ಯಾಟರಿಯ ವಿಚಾರ ಬಂದಾಗ ಅವರು ಮಾಡಿದ್ದು ಮೀಟರ್ ಫಲಕದಲ್ಲಿ ತೋರುತ್ತಿದ್ದ ಅಂದಾಜು ರೇಂಜಿನ, ಅಂದರೆ ಇರುವ ಚಾರ್ಜ್‌ನಲ್ಲಿ ಇನ್ನೆಷ್ಟು ದೂರ ಓಡಬಹುದು ಎಂಬ ಅಂಕಿಯ, ಫೋಟೋ ತೆಗೆದದ್ದು ಮಾತ್ರ. ಆ ಅಂಕಿ ಹಿಂದಿನ ಕೆಲವು ಪ್ರಯಾಣಗಳಲ್ಲಿ ಕಾರನ್ನು ಹೇಗೆ ಓಡಿಸಲಾಗಿತ್ತು ಎಂಬುದರ ಮೇಲೆ ಏರಿಳಿಯುತ್ತದೆಯೇ ಹೊರತು ಬ್ಯಾಟರಿ ಎಷ್ಟು ಸವೆದಿದೆ ಎಂಬುದನ್ನು ಹೇಳುವುದಿಲ್ಲ. ಸರ್ವಿಸ್ ಸೆಂಟರ್‌ನ ವರದಿ ಇದೆ ಎಂದು ತೋರಿಸಿದರೆ, "ನಮ್ಮ ಆ್ಯಪ್‌ನಲ್ಲಿ ಅದನ್ನ ಹಾಕೋಕೆ ಜಾಗ ಇಲ್ಲ ಸರ್" ಎಂದರು. ಕೊನೆಗೆ ಬಂದ ಬೆಲೆ 6.4 ಲಕ್ಷ, ಅದೂ ಮರುದಿನದವರೆಗೆ ಮಾತ್ರ ಎಂಬ ಷರತ್ತಿನೊಂದಿಗೆ.

ಈ ಬೆಲೆಯನ್ನು ಅನ್ಯಾಯ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಕಂಪನಿ ಕೊಂಡ ಕಾರನ್ನು ಮತ್ತೆ ಮಾರಬೇಕು. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ 55ನೆಯ ಸಭೆಯ ತೀರ್ಮಾನದಂತೆ, ನೋಂದಾಯಿತ ವ್ಯಾಪಾರಿ ಹಳೆಯ ಎಲೆಕ್ಟ್ರಿಕ್ ಕಾರನ್ನು ಮಾರಿದರೆ ಕೊಂಡ ಮತ್ತು ಮಾರಿದ ಬೆಲೆಗಳ ನಡುವಿನ ಅಂತರದ ಮೇಲೆ ಶೇ. 18 ತೆರಿಗೆ ಕಟ್ಟಬೇಕು. ಒಬ್ಬ ವ್ಯಕ್ತಿ ತನ್ನ ಸ್ವಂತ ಬಳಕೆಯ ಕಾರನ್ನು ಇನ್ನೊಬ್ಬ ವ್ಯಕ್ತಿಗೆ ಮಾರಿದಾಗ ಈ ತೆರಿಗೆ ಇಲ್ಲ. ನೇರ ಮಾರಾಟದ ಲಾಭದ ಒಂದಷ್ಟು ಭಾಗ ಇಲ್ಲಿಂದಲೇ ಬರುತ್ತದೆ. ಕಂಪನಿಗಳ ಪರವಾಗಿ ಹೇಳಲೇಬೇಕಾದ ಇನ್ನೊಂದು ಮಾತಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ 2023ರ ಏಪ್ರಿಲ್ 1ರಿಂದ, ಅಧಿಕೃತ ಪತ್ರವಿರುವ ವ್ಯಾಪಾರಿಗೆ ಕಾರನ್ನು ಒಪ್ಪಿಸಿ ಅದನ್ನು ಫಾರ್ಮ್ 29ಸಿ ಮೂಲಕ ಪೋರ್ಟಲ್‌ನಲ್ಲಿ ತಿಳಿಸಿದರೆ, ಮುಂದಿನ ಹೊಣೆಗೆ ಆ ವ್ಯಾಪಾರಿಯನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ಊರು ಬಿಟ್ಟು ಹೋಗುವವರಿಗೆ, ವಿದೇಶಕ್ಕೆ ಹೊರಟವರಿಗೆ ಈ ನೆಮ್ಮದಿ ಲಕ್ಷ ರೂಪಾಯಿಗಿಂತ ದೊಡ್ಡದಾಗಿರಬಹುದು. ಆದರೆ ವ್ಯಾಪಾರಿಯ ಬಳಿ ಆ ಅಧಿಕೃತ ಪತ್ರ ಇದೆಯೇ ಎಂದು ಕೇಳಿ, ನೋಡಿ, ಅನಂತರವೇ ಕೀಲಿ ಕೊಡಬೇಕು. ನನಗೆ ಅವಸರವಿರಲಿಲ್ಲ. ಕಂಪನಿಗೆ ಬೇಡವೆಂದು ತಿಳಿಸಿದೆ.

ಉಚಿತ ಜಾಹೀರಾತಿನ ತಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜನರನ್ನು ತಲುಪಿಸುವ ಕೆಲಸವನ್ನು ಅದು ಚೆನ್ನಾಗಿ ಮಾಡಿತು. ಬಂದ ಕರೆಗಳಲ್ಲಿ ದೊಡ್ಡ ಪಾಲು ಬ್ರೋಕರ್‌ಗಳದ್ದು. ಅಲ್ಲಿನ ಫಾರ್ಮ್‌ನಲ್ಲಿ ಇಂಧನ ಎಂಬಲ್ಲಿ ಎಲೆಕ್ಟ್ರಿಕ್ ಎಂದು ಆರಿಸಿದ ಮೇಲೂ ಬ್ಯಾಟರಿಯ ಗಾತ್ರ, ವಾರಂಟಿ ಮುಗಿಯುವ ದಿನಾಂಕ, ಆರೋಗ್ಯದ ವರದಿ ಇವಕ್ಕೆ ಪ್ರತ್ಯೇಕ ಖಾನೆಗಳಿರಲಿಲ್ಲ. ಹಾಗಾಗಿ ವಿವರಣೆಯ ಮೊದಲ ಮೂರು ಸಾಲುಗಳನ್ನು ಇವಕ್ಕೇ ಮೀಸಲಿಟ್ಟು, ವರದಿಯ ಚಿತ್ರವನ್ನು ಕಾರಿನ ಮುಂಭಾಗದ ಚಿತ್ರದ ನಂತರ ಎರಡನೆಯದಾಗಿ ಹಾಕಿದೆ. ಇದರಿಂದ ಗಂಭೀರವಾಗಿ ಕೊಳ್ಳುವವರು ಬೇಗ ಬೇರೆಯಾದರು. ಕಾರನ್ನು ನೋಡದೆಯೇ ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವ ಕರೆಗಳೂ ಇಂಥ ತಾಣಗಳಲ್ಲಿ ಬರುತ್ತವೆ. ಹಣ ಪಡೆಯಲು ಕೋಡ್ ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ, ಯುಪಿಐ ಪಿನ್ ಒತ್ತುವ ಅಗತ್ಯವೂ ಇಲ್ಲ. ಹಾಗೆ ಹೇಳುವವರೊಂದಿಗೆ ಮಾತು ಮುಂದುವರಿಸಬಾರದು.

ಈಗ ಬ್ಯಾಟರಿಯ ವಿಚಾರ. ಇಲ್ಲಿ ಸ್ವಲ್ಪ ನಿಂತು ಹೇಳಬೇಕಾಗಿದೆ.

ಈ ಕಾರಿನ ಬ್ಯಾಟರಿ ಮತ್ತು ಮೋಟಾರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇದೆ. ನನ್ನ ಕಾರು ಓಡಿದ್ದು 48,000 ಚಿಲ್ಲರೆ. ಅಂದರೆ ಕೊಳ್ಳುವವರಿಗೆ 2029ರವರೆಗೆ ಅಭಯ ಇತ್ತು. ಇದು ಬಾಯಿಮಾತಾಗಿ ಉಳಿಯಬಾರದೆಂದು ವಾರಂಟಿ ಪುಸ್ತಕದ ಆ ಪುಟದ ಜೊತೆಗೆ, ಎರಡನೆಯ ಮಾಲೀಕರಿಗೂ ಉಳಿದ ಅವಧಿ ಸಲ್ಲುತ್ತದೆ ಎಂಬುದನ್ನು ಸರ್ವಿಸ್ ಸೆಂಟರ್‌ನಿಂದ ಇಮೇಲ್ ಮೂಲಕ ಬರೆಸಿಕೊಂಡೆ. ಮಾರುವವರೆಲ್ಲರೂ ಈ ಕೆಲಸ ಮಾಡಬೇಕು, ಏಕೆಂದರೆ ಮಾದರಿಯಿಂದ ಮಾದರಿಗೆ, ಕಂಪನಿಯಿಂದ ಕಂಪನಿಗೆ ಷರತ್ತುಗಳು ಬೇರೆಯಾಗುತ್ತವೆ. ಈಚಿನ ಕೆಲವು ಮಾದರಿಗಳಲ್ಲಿ ಮೊದಲ ಮಾಲೀಕರಿಗೆ ಸಿಗುವ ದೀರ್ಘಾವಧಿಯ ವಾರಂಟಿ ಎರಡನೆಯವರಿಗೆ ಅದೇ ರೂಪದಲ್ಲಿ ಮುಂದುವರಿಯುವುದಿಲ್ಲ.

ಬ್ಯಾಟರಿಯ ಆರೋಗ್ಯದ ಪ್ರಮಾಣವನ್ನು, ಅಂದರೆ ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಎಷ್ಟು ಶೇಕಡ ಉಳಿದಿದೆ ಎಂಬುದನ್ನು, ಸರ್ವಿಸ್ ಸೆಂಟರ್‌ನ ತಂತ್ರಜ್ಞರು ತಮ್ಮ ಡಯಾಗ್ನೋಸ್ಟಿಕ್ ಉಪಕರಣವನ್ನು ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಜೋಡಿಸಿ ಕೆಲವೇ ನಿಮಿಷಗಳಲ್ಲಿ ಓದಿದರು. ಓದಿದ್ದನ್ನು ಬಾಯಲ್ಲಿ ಹೇಳಲು ಸಿದ್ಧರಿದ್ದರು, ಬರೆದುಕೊಡಲು ಸಿದ್ಧರಿರಲಿಲ್ಲ. ಮ್ಯಾನೇಜರ್ ಬಳಿ ಹೋಗಿ, ಇದು ನಿಮ್ಮ ಉಪಕರಣ ಹೇಳಿದ ಅಂಕಿಯೇ ಹೊರತು ನೀವು ಕೊಡುವ ಭರವಸೆಯಲ್ಲ ಎಂದು ವಿವರಿಸಿದ ಮೇಲೆ ಜಾಬ್ ಕಾರ್ಡ್‌ನಲ್ಲಿ ಶೇ. 93 ಎಂದು ಬರೆದು, ದಿನಾಂಕ, ಓಡಿದ ಕಿಲೋಮೀಟರ್ ನಮೂದಿಸಿ ಮುದ್ರೆ ಹಾಕಿಕೊಟ್ಟರು. ಆ ಒಂದು ಹಾಳೆ ಇಡೀ ಮಾರಾಟದಲ್ಲಿ ನನಗೆ ಒದಗಿದ ಅತ್ಯಂತ ಬೆಲೆಬಾಳುವ ಸೇವೆ. ಇದನ್ನು ನಿಗದಿತ ಶುಲ್ಕಕ್ಕೆ, ಕೇಳಿದ ಪ್ರತಿಯೊಬ್ಬರಿಗೂ ಕೊಡುವ ವ್ಯವಸ್ಥೆಯನ್ನು ತಯಾರಕರು ಎಲ್ಲ ಸರ್ವಿಸ್ ಸೆಂಟರ್‌ಗಳಲ್ಲೂ ಮಾಡಿದರೆ ಹಳೆಯ ಎಲೆಕ್ಟ್ರಿಕ್ ಕಾರುಗಳ ಮಾರುಕಟ್ಟೆಯ ಅರ್ಧ ಅನುಮಾನ ಕರಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ತಪಾಸಣೆಗೆ ಹೋಗುವ ಮುನ್ನ ಒಂದು ಸಿದ್ಧತೆ ಅಗತ್ಯ. ಈ ಕಾರಿನಲ್ಲಿರುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು. ಈ ಬಗೆಯ ಸೆಲ್‌ಗಳ ವೋಲ್ಟೇಜ್, ಚಾರ್ಜ್‌ನ ನಡುವಿನ ಬಹುಪಾಲು ಹಂತದಲ್ಲಿ ಹೆಚ್ಚು ಬದಲಾಗುವುದೇ ಇಲ್ಲ. ಆದ್ದರಿಂದ ಎಷ್ಟು ಚಾರ್ಜ್ ಉಳಿದಿದೆ ಎಂಬ ಕಂಪ್ಯೂಟರಿನ ಅಂದಾಜು ದಿನಗಳೆದಂತೆ ಸ್ವಲ್ಪ ಸ್ವಲ್ಪ ತಪ್ಪುತ್ತ ಹೋಗುತ್ತದೆ. ಆಗಾಗ ನಿಧಾನದ ಚಾರ್ಜರ್‌ನಲ್ಲಿ ಶೇ. 100ರವರೆಗೆ ತುಂಬಿಸಿ, ಅದಾದ ಮೇಲೂ ಸ್ವಲ್ಪ ಹೊತ್ತು ಪ್ಲಗ್ ತೆಗೆಯದೆ ಬಿಟ್ಟರೆ ಸೆಲ್‌ಗಳು ಸಮತೋಲನಕ್ಕೆ ಬಂದು ಅಂದಾಜು ಮತ್ತೆ ಹದಕ್ಕೆ ಬರುತ್ತದೆ. ದಿನವೂ ಅರ್ಧಂಬರ್ಧ ಚಾರ್ಜ್ ಮಾಡುತ್ತ ಬಂದ ಕಾರನ್ನು ಹಾಗೆಯೇ ಒಯ್ದು ತೋರಿಸಿದರೆ, ಚೆನ್ನಾಗಿರುವ ಬ್ಯಾಟರಿಯೂ ದುರ್ಬಲವಾಗಿ ಕಾಣಬಹುದು.

ಯಂತ್ರದ ಅಂಕಿಯನ್ನು ನಂಬದವರಿಗಾಗಿ ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಿಟ್ಟಿದ್ದೆ. ನಮ್ಮ ಪಾರ್ಕಿಂಗ್‌ನ 15 ಆಂಪಿಯರ್ ಸಾಕೆಟ್ಟಿಗೆ ಒಂದು ಸಣ್ಣ ಸಬ್‌ ಮೀಟರ್ ಇದೆ. ಕಾರನ್ನು ಶೇ. 10ಕ್ಕೆ ಇಳಿಯುವವರೆಗೆ ಓಡಿಸಿ, ರಾತ್ರಿ ಪ್ಲಗ್ ಹಾಕುವಾಗ ಮೀಟರಿನ ಫೋಟೋ, ಬೆಳಗ್ಗೆ ಶೇ. 100 ಆದ ಮೇಲೆ ಇನ್ನೊಂದು ಫೋಟೋ ತೆಗೆದೆ. ಹರಿದದ್ದು 29 ಯೂನಿಟ್, ಅಂದರೆ 29 ಕಿಲೋವ್ಯಾಟ್ ಅವರ್. ಗೋಡೆಯಿಂದ ಹೊರಟ ವಿದ್ಯುತ್ತಿನಲ್ಲಿ ಸುಮಾರು ಎಂಟನೆಯ ಒಂದು ಭಾಗ ಚಾರ್ಜರ್‌ನ ಬಿಸಿ ಮತ್ತಿತರ ರೂಪದಲ್ಲಿ ಕಳೆದುಹೋಗುತ್ತದೆ ಎಂದು ಹಿಡಿದರೆ ಬ್ಯಾಟರಿಗೆ ಸೇರಿದ್ದು 25ರ ಆಸುಪಾಸು, ಬ್ಯಾಟರಿ ಹೊಸದಾಗಿದ್ದರೆ 30.2ರ ಶೇ. 90 ಅಂದರೆ ಸುಮಾರು 27 ಆಗಬೇಕಿತ್ತು. ಈ ಲೆಕ್ಕ ಸರ್ವಿಸ್ ಸೆಂಟರ್‌ನ ಶೇ. 93ಕ್ಕೆ ಹತ್ತಿರವೇ ಬಂತು. ಇದು ಪ್ರಯೋಗಾಲಯದ ನಿಖರತೆಯಲ್ಲ. ಆದರೆ ಕೊಳ್ಳುವವರು ತಾವೇ ಪೆನ್ನು ಹಿಡಿದು ಗುಣಿಸಿ ಭಾಗಿಸಿ ನೋಡಬಹುದಾದ ಲೆಕ್ಕವಾದ್ದರಿಂದ, ಮುದ್ರೆ ಹಾಕಿದ ಹಾಳೆಯಷ್ಟೇ ವಿಶ್ವಾಸವನ್ನು ಅದು ಹುಟ್ಟಿಸಿತು.

ನೋಡಲು ಬಂದವರ ಪ್ರಶ್ನೆಗಳು ಬೆಂಗಳೂರಿನವೇ ಆದ ಪ್ರಶ್ನೆಗಳಾಗಿದ್ದವು. 2001ರಲ್ಲಿ ಇದೇ ಊರಿನಲ್ಲಿ ತಯಾರಾಗಿ ರಸ್ತೆಗಿಳಿದ ರೇವಾ ಕಾರಿನ ನೆನಪು ಐವತ್ತು ದಾಟಿದವರಲ್ಲಿ ಇನ್ನೂ ಗಟ್ಟಿಯಾಗಿದೆ. "ನಮ್ಮ ಭಾವ ರೇವಾ ಇಟ್ಕೊಂಡಿದ್ರು ಸ್ವಾಮಿ, ಬ್ಯಾಟರಿ ಬದಲಾಯಿಸೋ ಹೊತ್ತಿಗೆ ಕಾರೇ ಬೇಡ ಅನ್ನಿಸಿಬಿಡ್ತು ಅವರಿಗೆ" ಎಂದು ಒಬ್ಬರು ಹೇಳಿದರು. ಅವರ ಅನುಭವ ಸುಳ್ಳಲ್ಲ. ಮೊದಲ ರೇವಾಗಳಲ್ಲಿ ಇದ್ದದ್ದು ಸೀಸ ಮತ್ತು ಆಮ್ಲದ ಬ್ಯಾಟರಿಗಳು, ಅವು ಕೆಲವೇ ವರ್ಷಗಳಲ್ಲಿ ಸೋಲುತ್ತಿದ್ದವು. ನೆಕ್ಸಾನ್‌ನ ಬ್ಯಾಟರಿ ಬೇರೆಯೇ ರಸಾಯನದ್ದು, ದ್ರವದಿಂದ ತಂಪಾಗಿರುವಂಥದ್ದು ಎಂದು ಬಿಡಿಸಿ ಹೇಳಿದ ಮೇಲೂ ಅವರ ಹಿಂಜರಿಕೆ ಪೂರ್ತಿ ಹೋಗಲಿಲ್ಲ. ಇಂಥವರನ್ನು ಒತ್ತಾಯಿಸಬಾರದು. 2022ರ ಸೆಪ್ಟೆಂಬರ್‌ನ ಮಳೆಗೆ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ನೆನಪಿಸಿ, ಈ ಕಾರು ನೀರಲ್ಲಿ ನಿಂತಿತ್ತೇ ಎಂದು ಕೇಳಿದವರು ಹಲವರು. ಬ್ಯಾಟರಿ ಪೆಟ್ಟಿಗೆಗೆ ನೀರು, ದೂಳು ಒಳಹೋಗದಂತೆ ಐಪಿ67 ಮಟ್ಟದ ರಕ್ಷಣೆ ಇದ್ದರೂ ಈ ಪ್ರಶ್ನೆಗೆ ಮಾತಿನ ಉತ್ತರ ಸಾಲದು. ವಿಮೆಯ ಕ್ಲೇಮ್ ಇತಿಹಾಸ ಮತ್ತು ಎಲ್ಲ ಸರ್ವಿಸ್ ಬಿಲ್‌ಗಳನ್ನು ಒಂದೇ ಫೈಲಿನಲ್ಲಿ ಜೋಡಿಸಿಟ್ಟದ್ದು ಆಗ ಉಪಯೋಗಕ್ಕೆ ಬಂತು. ಅದರಲ್ಲಿ 12 ವೋಲ್ಟಿನ ಚಿಕ್ಕ ಬ್ಯಾಟರಿ ಬದಲಾಯಿಸಿದ ಬಿಲ್ಲೂ ಇತ್ತು. ಎಲೆಕ್ಟ್ರಿಕ್ ಕಾರಿನಲ್ಲೂ ಅಂಥದ್ದೊಂದು ಬ್ಯಾಟರಿ ಇರುತ್ತದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ ಎಂಬುದು ಕೊಳ್ಳುವವರಲ್ಲಿ ಹೆಚ್ಚಿನವರಿಗೆ ಹೊಸ ಸಂಗತಿಯಾಗಿತ್ತು.

ಅಪಾರ್ಟ್‌ಮೆಂಟಿನವರೊಂದಿಗೆ ಮಾತುಕತೆ ಬಹುತೇಕ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು: ಪಾರ್ಕಿಂಗ್‌ಗೆ ವೈರ್ ಎಳೆಯಲು ಅಸೋಸಿಯೇಷನ್ ಒಪ್ಪಿಲ್ಲ. ಕಾರು ಎಷ್ಟೇ ಇಷ್ಟವಾಗಿದ್ದರೂ, ಮನೆಯಲ್ಲಿ ಚಾರ್ಜ್ ಮಾಡಲು ಆಗದವರಿಗೆ ಈ ಹಳೆಯ ಮಾದರಿಯನ್ನು ಮಾರುವುದು ನನಗೆ ಸರಿಕಾಣಲಿಲ್ಲ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಪ್ರಮಾಣದಲ್ಲಿ ಇದಕ್ಕೆ ಒಂದು ಚಾರ್ಜ್‌ಗೆ 312 ಕಿಲೋಮೀಟರ್ ಎಂದಿದ್ದರೂ ನನ್ನ ಬಳಕೆಯಲ್ಲಿ ಸಿಕ್ಕಿದ್ದು 200ರ ಆಸುಪಾಸು. ಅದನ್ನು ನಂಬಿ ಪ್ರತಿಸಲ ಸಾರ್ವಜನಿಕ ಚಾರ್ಜರ್ ಹುಡುಕುತ್ತ ಹೋಗುವ ಬದುಕು ಸುಲಭದ್ದಲ್ಲ. ಕೊನೆಗೆ ಕೊಂಡವರು ಬನಶಂಕರಿಯಲ್ಲಿ ಸ್ವಂತ ಮನೆ, ಮೇಲೆ ಸೋಲಾರ್ ಫಲಕಗಳಿರುವ ಅಧ್ಯಾಪಕ ದಂಪತಿ. ಅವರಿಗೆ ದಿನಕ್ಕೆ ನಲವತ್ತೈವತ್ತು ಕಿಲೋಮೀಟರಿನ ಓಡಾಟ. ಅವರ ಅಗತ್ಯಕ್ಕೆ ಈ ಕಾರು ಅಳತೆ ಕೊಟ್ಟು ಹೊಲಿಸಿದಂತೆ ಹೊಂದುತ್ತಿತ್ತು.

ಅವರೊಂದಿಗಿನ ಟೆಸ್ಟ್ ಡ್ರೈವ್ ಬಡಾವಣೆಯ ಸುತ್ತ ಹಾಕಿದ ಒಂದು ರೌಂಡ್ ಆಗಿರಲಿಲ್ಲ. ಬೆಳಗ್ಗೆ ಶೇ. 100 ಚಾರ್ಜ್‌ನಿಂದ ಹೊರಟು, ಮೈಸೂರು ರಸ್ತೆ ಹಿಡಿದು ಬಿಡದಿ ದಾಟಿ ಹಿಂತಿರುಗಿದೆವು. ಹೋಗುವಾಗ ದಂಪತಿಯಲ್ಲಿ ಒಬ್ಬರು ಓಡಿಸಿದರು, ಬರುವಾಗ ಇನ್ನೊಬ್ಬರು. ಎಷ್ಟು ಶೇಕಡ ಇಳಿಯಿತು, ಎಷ್ಟು ಕಿಲೋಮೀಟರ್ ಬಂತು ಎಂದು ಅವರೇ ಬರೆದುಕೊಂಡರು. ಎಕ್ಸ್‌ಪ್ರೆಸ್‌ವೇಯಲ್ಲಿ ವೇಗ ಏರಿದಾಗ ಬಳಕೆ ಹೇಗೆ ಏರುತ್ತದೆ, ಕೆಂಗೇರಿಯ ಟ್ರಾಫಿಕ್‌ನಲ್ಲಿ ಅದು ಹೇಗೆ ಇಳಿಯುತ್ತದೆ ಎಂಬುದನ್ನು ಪೆಟ್ರೋಲ್ ಕಾರಿನ ಅನುಭವವಷ್ಟೇ ಇದ್ದ ಅವರು ಕಣ್ಣಾರೆ ನೋಡಿದ್ದು ಒಳ್ಳೆಯದಾಯಿತು. ಮುಂದೆ ಹೆದ್ದಾರಿಯಲ್ಲಿ ರೇಂಜ್ ಕಡಿಮೆಯಾಯಿತೆಂದು ನನಗೆ ಫೋನ್ ಮಾಡುವ ಸಂದರ್ಭವೇ ಬಾರದು. ಹಿಂತಿರುಗುವ ದಾರಿಯಲ್ಲಿ ಒಂದು ಗ್ಯಾರೇಜಿನ ಲಿಫ್ಟಿಗೆ ಏರಿಸಿ ಕಾರಿನ ತಳವನ್ನೂ ತೋರಿಸಿದೆ. ನಮ್ಮ ರಸ್ತೆಗಳ ಹಂಪುಗಳಿಗೆ ಬ್ಯಾಟರಿಯ ತಳಭಾಗ ಉಜ್ಜಿರುವ ಸಾಧ್ಯತೆ ಎಲ್ಲ ಕಾರುಗಳಲ್ಲೂ ಇರುತ್ತದೆ. ನನ್ನ ಕಾರಿನಲ್ಲಿ ಎಡಗಡೆ ಅಂಗೈ ಅಗಲದ ಒಂದು ಗೀರು ಇತ್ತು, ಲೋಹ ಒಳಕ್ಕೆ ಬಾಗಿರಲಿಲ್ಲ. ಟಾರ್ಚ್ ಹಿಡಿದು ಅದನ್ನೇ ಮೊದಲು ತೋರಿಸಿದೆ.

ಬೆಲೆ 7.75 ಲಕ್ಷಕ್ಕೆ ಕುದುರಿತು. ಕಂಪನಿ ಹೇಳಿದ್ದಕ್ಕಿಂತ 1.35 ಲಕ್ಷ ಹೆಚ್ಚು. ಹೈಬ್ರಿಡ್ ಕಾರು ಮಾರುವವರಿಗೆ ಇಷ್ಟೆಲ್ಲ ಪುರಾವೆ ಬೇಕಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬಿಡದಿಯಲ್ಲೇ ತಯಾರಾಗುವ ಟೊಯೊಟಾ ಇನ್ನೋವಾ ಹೈಕ್ರಾಸ್‌ನಂಥ ಕಾರಿನಲ್ಲಿ ಬ್ಯಾಟರಿ ಚಿಕ್ಕದು, ಪೆಟ್ರೋಲ್ ಎಂಜಿನ್ ಜೊತೆಗಿರುತ್ತದೆ, ಚಾರ್ಜ್ ಮಾಡುವ ಚಿಂತೆ ಇಲ್ಲ. ಕೊಳ್ಳುವವರು ಅದನ್ನು ಪೆಟ್ರೋಲ್ ಕಾರಿನ ಕಣ್ಣಿನಿಂದಲೇ ನೋಡುತ್ತಾರೆ. ಆದರೂ ಹೈಬ್ರಿಡ್ ಬ್ಯಾಟರಿಯ ತಪಾಸಣೆಯ ದಾಖಲೆ ಸರ್ವಿಸ್ ಪುಸ್ತಕದಲ್ಲಿ ಇರುವಂತೆ ನೋಡಿಕೊಳ್ಳುವುದು ಮಾರುವವರಿಗೇ ಲಾಭ.

ಹಣದ ವಿಚಾರದಲ್ಲಿ ನಿಯಮ ಸರಳ. 2 ಲಕ್ಷ ಅಥವಾ ಅದಕ್ಕೂ ಹೆಚ್ಚು ಮೊತ್ತವನ್ನು ಒಂದೇ ವ್ಯವಹಾರದಲ್ಲಿ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ, ಪಡೆದರೆ ಅಷ್ಟೇ ಮೊತ್ತದ ದಂಡ ಪಡೆದವರ ಮೇಲೆಯೇ ಬೀಳುತ್ತದೆ. ಟೋಕನ್ ಅಡ್ವಾನ್ಸ್ ಯುಪಿಐ ಮೂಲಕ, ಉಳಿದದ್ದು ಆರ್‌ಟಿಜಿಎಸ್ ಮೂಲಕ ಬಂತು. ಖಾತೆಗೆ ಹಣ ಸೇರಿದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲಿಯೇ ನೋಡಿದ ಮೇಲೆ ಕೀಲಿ ಕೊಟ್ಟೆ. ಎಸ್‌ಎಂಎಸ್ ಅಥವಾ ಸ್ಕ್ರೀನ್‌ಶಾಟ್ ನೋಡಿ ಕೊಡಬಾರದು. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆಗೆ ಗಂಟೆ ನಿಮಿಷವನ್ನೂ, ಅಂದಿನ ಓಡೋಮೀಟರ್ ಅಂಕಿಯನ್ನೂ ಬರೆದು ಇಬ್ಬರೂ ಸಹಿ ಮಾಡಿದೆವು.

ಇನ್ನು ಮಾಲೀಕತ್ವದ ವರ್ಗಾವಣೆ. ವಾಹನ್ ಪೋರ್ಟಲ್ ಈ ಇಡೀ ಅನುಭವದಲ್ಲಿ ನನಗೆ ಮೆಚ್ಚುಗೆಯಾದ ಸೇವೆ. ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆಯ ಕೊನೆಯ ಐದು ಅಕ್ಷರಗಳು, ದಾಖಲೆಯಲ್ಲಿರುವ ಮೊಬೈಲಿಗೆ ಬರುವ ಒಟಿಪಿ ಇಷ್ಟರಿಂದ ಅರ್ಜಿ ಆರಂಭವಾಗುತ್ತದೆ. ಮಾರುವವರ ಫಾರ್ಮ್ 29, ಇಬ್ಬರ ಸಹಿಯ ಫಾರ್ಮ್ 30 ಅಲ್ಲಿಯೇ ಸಿದ್ಧವಾಗಿ ಸಿಗುತ್ತವೆ. ಆದರೆ ಆ ಹಂತಕ್ಕೆ ಬರುವ ಮೊದಲು ಮುಗಿದಿರಬೇಕಾದ ಕೆಲಸಗಳಿವೆ. ಕಾರಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರ್ಮ್ 35ರೊಂದಿಗೆ ಹೈಪೋಥಿಕೇಶನ್, ಅಂದರೆ ಸಾಲಕ್ಕೆ ಕಾರು ಅಡವಿದೆ ಎಂಬ ನಮೂದನ್ನು, ತೆಗೆಸಬೇಕು. ನಾನು ಇದನ್ನು ಜಾಹೀರಾತು ಹಾಕುವ ಮುಂಚೆಯೇ ಮಾಡಿಸಿದ್ದೆ. ಟ್ರಾಫಿಕ್ ದಂಡಗಳನ್ನು 2025ರ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಕೊಟ್ಟ ಶೇ. 50 ರಿಯಾಯಿತಿಯಲ್ಲಿ ಕಟ್ಟಿ ಮುಗಿಸಿದ್ದೆ. ಆರ್‌ಸಿಗೆ ಜೋಡಿಸಿದ ಮೊಬೈಲ್ ಸಂಖ್ಯೆ ಹಳೆಯದಾಗಿದ್ದರೆ ಅದನ್ನೂ ಮೊದಲೇ ಸರಿಪಡಿಸಿಕೊಳ್ಳಬೇಕು, ಇಲ್ಲವಾದರೆ ಒಟಿಪಿ ಯಾರಿಗೋ ಹೋಗುತ್ತದೆ.

ಫಾರ್ಮ್‌ಗಳಿಗೆ ಸಹಿ ಹಾಕಿ ಕೊಟ್ಟು, "ನೀವೇ ನಿಧಾನಕ್ಕೆ ಮಾಡಿಸ್ಕೊಳ್ಳಿ" ಎಂದು ಬಿಟ್ಟುಬಿಡುವ ರೂಢಿ ನಮ್ಮಲ್ಲಿ ಬಹಳ. ಅದು ಅಪಾಯಕಾರಿ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿರುವಂತೆ, ವಾಹನ ಕೈಯಿಂದ ಕೈಗೆ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ. ಈ ವಿಚಾರವನ್ನು ಕೊಳ್ಳುವವರಿಗೆ ಮೊದಲೇ ಹೇಳಿ, ಹಣ ಸಂದಾಯವಾದ ದಿನವೇ ಇಬ್ಬರೂ ಒಟ್ಟಿಗೆ ಕುಳಿತು ಅರ್ಜಿ ಸಲ್ಲಿಸಿದೆವು. ಎಂಪರಿವಾಹನ್ ಆ್ಯಪ್‌ನಲ್ಲಿ ಹೊಸ ಮಾಲೀಕರ ಹೆಸರು ಕಾಣುವವರೆಗೆ ನಾನು ಕಡತ ಮುಚ್ಚಲಿಲ್ಲ.

ಇಂಥ ಕಾರನ್ನು ಮಾರುವಾಗ ಮಾಡಲೇಬೇಕಾದ ಒಂದು ಕೆಲಸವನ್ನು ಹಲವರು ಮರೆಯುತ್ತಾರೆ. ಕಾರಿಗೆ ಜೋಡಿಸಿದ ಕಂಪನಿಯ ಆ್ಯಪ್‌ನಿಂದ ಕಾರು ಎಲ್ಲಿದೆ ಎಂದು ನೋಡಬಹುದು, ದೂರದಿಂದಲೇ ಬಾಗಿಲು ತೆಗೆಯಬಹುದು, ಎಸಿ ಹಾಕಬಹುದು. ಹಳೆಯ ಮಾಲೀಕರ ಖಾತೆ ಅಲ್ಲಿ ಉಳಿದರೆ ಹೊಸ ಕುಟುಂಬದ ಓಡಾಟವೆಲ್ಲ ಅವರ ಕೈಯಲ್ಲಿ ಕಾಣುತ್ತಿರುತ್ತದೆ. ಕೇವಲ ಲಾಗ್‌ಔಟ್ ಮಾಡಿದರೆ ಸಾಲದು. ಕಾರನ್ನೇ ಖಾತೆಯಿಂದ ತೆಗೆಸಿ, ಅವರ ಹೆಸರಿನಲ್ಲಿ ಹೊಸದಾಗಿ ನೋಂದಾಯಿಸಿ, ನನ್ನ ಫೋನಿನಲ್ಲಿ ಕಾರು ಕಾಣುತ್ತಿಲ್ಲ ಎಂಬುದನ್ನು ಅವರ ಎದುರಿನಲ್ಲೇ ತೋರಿಸಿದೆ. ಫಾಸ್ಟ್‌ಟ್ಯಾಗ್ ಅನ್ನು ಬ್ಯಾಂಕಿನಲ್ಲಿ ಮುಚ್ಚಿಸಿ ಗಾಜಿನಿಂದ ಕಿತ್ತೆ. ಕಾರಿನ ಜೊತೆ ಬಂದಿದ್ದ ಪೋರ್ಟಬಲ್ ಚಾರ್ಜರ್ ಬೆಲೆಯಲ್ಲೇ ಸೇರಿದೆ ಎಂದು ಡೆಲಿವರಿ ನೋಟ್‌ನಲ್ಲಿ ಬರೆದಿದ್ದೆವು. ಇದನ್ನು ಬರೆಯದೆ ಬಿಟ್ಟರೆ ಕೊನೆಯ ಗಳಿಗೆಯಲ್ಲಿ ಮನಸ್ತಾಪಕ್ಕೆ ಕಾರಣವಾಗುತ್ತದೆ.

ವಿಮೆಯ ಪಾಲಿಸಿ ಕಾರಿನ ಜೊತೆ ಹೋಗುತ್ತದೆ, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿಯಾದ ನೋ ಕ್ಲೇಮ್ ಬೋನಸ್ ಮಾತ್ರ ಮಾರಿದವರಲ್ಲಿಯೇ ಉಳಿಯುತ್ತದೆ. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಬರೆದು ಹೆಸರು ಬದಲಾಯಿಸಿಕೊಳ್ಳಬೇಕು, ಮತ್ತು ಬೋನಸ್‌ನಿಂದ ಕಡಿಮೆಯಾಗಿದ್ದ ಮೊತ್ತವನ್ನು ಉಳಿದ ಅವಧಿಗೆ ಲೆಕ್ಕ ಹಾಕಿ ಕಟ್ಟಬೇಕು. ಈ ಖರ್ಚನ್ನು ಬೆಲೆ ಮಾತಾಡುವಾಗಲೇ ಅವರಿಗೆ ತಿಳಿಸಿದ್ದರಿಂದ ಅವರು ಬೇಸರಪಡಲಿಲ್ಲ. ನಾನು ವಿಮಾ ಕಂಪನಿಗೆ ಮಾರಾಟದ ಪುರಾವೆ ಕೊಟ್ಟು ಬೋನಸ್ ಕಾಯ್ದಿರಿಸಿದ ಪತ್ರ ಪಡೆದೆ. ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ನನ್ನ ಹೆಸರಿನಲ್ಲಿ ಕೊಳ್ಳುವ ಮುಂದಿನ ಕಾರಿನ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಆ ರಿಯಾಯಿತಿ ಸಿಗುತ್ತದೆ.